ಅಪ್‌ಡೇಟ್: ಕಿರಣ ಅಷ್ಟು ಬೇಗ ತಣ್ಣಗಾದದ್ದೇಕೆ?

ಕಿರಣದ ಕಣಗಳ ಅಡ್ಡಾದಿಡ್ಡಿ ಚಲನೆಯನ್ನು ಅಳೆದು, ವಿದ್ಯುತ್ ತಳ್ಳುಗಳಿಂದ ತಿದ್ದಿ ತಗ್ಗಿಸುವ ಸ್ಟೊಕ್ಯಾಸ್ಟಿಕ್ ಕೂಲಿಂಗ್‌ನ ನನ್ನ ಸಿಮ್ಯುಲೇಷನ್‌ನಲ್ಲಿ ಪ್ರೋಟಾನ್ ಕಿರಣ ಕಣ್ಣು ಮಿಟುಕಿಸುವಷ್ಟರಲ್ಲಿ ತಣ್ಣಗಾಗುವುದೇಕೆ ಎಂದು ಕೇಳಿದ್ದೆ. ಉತ್ತರಿಸಿದ ಮೇಷ್ಟ್ರಿಗೆ ನಮಸ್ಕಾರ, ಕಣಗಳು ತೀರಾ ಕಡಿಮೆ ಇರುವುದೇ ಕಾರಣ ಎಂಬ ನಿಮ್ಮ ಮಾತೇ ಸರಿ. ತಣಿಯಲು ಬೇಕಾದ ಸಮಯ ಕಣಗಳ ಸಂಖ್ಯೆ ಏರಿದಂತೆ ಏರುತ್ತದೆ, ತಿದ್ದುವ ಸಲಕರಣೆ ನಿಭಾಯಿಸುವ ಆವರ್ತನಗಳ ವ್ಯಾಪ್ತಿ, ಅಂದರೆ ಬ್ಯಾಂಡ್‌ವಿಡ್ತ್ ಹೆಚ್ಚಿದಂತೆ ಇಳಿಯುತ್ತದೆ. ಲ್ಯಾಪ್‌ಟಾಪ್ ತಾಳಿಕೊಳ್ಳುವುದು 10,000 ಕಣಗಳನ್ನು ಮಾತ್ರ. ಕಣಗಳು ಸುತ್ತುವ ನಿಜವಾದ ವೇಗವರ್ಧಕದ ಉಂಗುರದಲ್ಲಿ 100 ಕೋಟಿ ಕಣಗಳಿದ್ದರೆ ಕಾಲವನ್ನು ಲಕ್ಷಪಟ್ಟು ಹಿಗ್ಗಿಸಬೇಕು. ನನ್ನ 1 ಮಿಲಿಸೆಕೆಂಡು ಅಲ್ಲಿ 100 ಸೆಕೆಂಡು. ಕಣಗಳನ್ನು ದುಪ್ಪಟ್ಟು ಮಾಡಿ ನೋಡಿದೆ, ಗ್ರಾಫಿನ ಇಳಿಜಾರು, ಅಂದರೆ ತಣಿಯುವ ವೇಗ, ಸರಿಯಾಗಿ ಅರ್ಧಕ್ಕೆ ಬಂತು! ಈ ವಿಧಾನಕ್ಕಾಗಿಯೇ ಸೈಮನ್ ವಾನ್ ಡರ್ ಮೀರ್ 1984ರ ನೊಬೆಲ್‌ನಲ್ಲಿ ಪಾಲು ಪಡೆದದ್ದು ಸುಮ್ಮನೆ ಅಲ್ಲ.

ಹಾಸನದ ಮಳೆಗೆ ಕರೆಂಟ್ ನೆಚ್ಚುವಂತಿಲ್ಲ. ಆದ್ದರಿಂದ ಪ್ರತಿ ಸಾವಿರ ಸುತ್ತಿಗೊಮ್ಮೆ ಕಣಗಳ ಸ್ಥಿತಿ ಫೈಲಿಗೆ ಉಳಿಯುವಂತೆ ಮಾಡಿದ್ದೇನೆ. ಮುಂದೆ ಸೋವಿಯತ್ ಭೌತವಿಜ್ಞಾನಿ ಬುಡ್ಕರ್ ಸೂಚಿಸಿದ, ತಣ್ಣನೆಯ ಎಲೆಕ್ಟ್ರಾನುಗಳ ಜೊತೆ ಹರಿಸಿ ಕಿರಣವನ್ನು ತಣಿಸುವ ಎಲೆಕ್ಟ್ರಾನ್ ಕೂಲಿಂಗ್‌ಗೆ ಕೈ ಹಾಕುತ್ತೇನೆ.