ಮನೋವಿಜ್ಞಾನದ ಪಂಥಗಳಲ್ಲಿ ಸರಿ ಯಾವುದು? ಬಿದ್ದುಹೋದವನ್ನು ಇಂದೂ ಓದುವುದು ಏಕೆ?

ಕುತೂಹಲಿ:

ಎಲ್ಲರಿಗೂ ನಮಸ್ಕಾರ. ನಾನು ಲೆಕ್ಕಪತ್ರದ ಕೆಲಸದಲ್ಲಿರುವವನು. ಈ ವರ್ಷ ಸಂಜೆ ಹೊತ್ತು ಮನೋವಿಜ್ಞಾನದ ಪದವಿಗೆ ಓದುತ್ತಿದ್ದೇನೆ. ಮೊದಲ ಪತ್ರಿಕೆಯೇ ಪಂಥಗಳ ಇತಿಹಾಸ: ರಚನಾವಾದ, ಕಾರ್ಯವಾದ, ವರ್ತನಾವಾದ, ಗೆಸ್ಟಾಲ್ಟ್, ಮನೋವಿಶ್ಲೇಷಣೆ, ಮಾನವತಾವಾದ, ಕೊನೆಯಲ್ಲಿ ನೆನಪು, ಆಲೋಚನೆಗಳಂಥ ಒಳಗಿನ ಕ್ರಿಯೆಗಳನ್ನು ನೋಡುವ ಸಂಜ್ಞಾನಾತ್ಮಕ ಪಂಥ. ಪುಸ್ತಕದಲ್ಲಿ ಪ್ರತಿಯೊಂದಕ್ಕೂ ಒಬ್ಬ ಸ್ಥಾಪಕ, ಒಂದು ಇಸವಿ, ಕೆಲವು ಲಕ್ಷಣ, ಕೆಲವು ದೋಷ. ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ, ಆದರೆ ಏನೂ ತಲೆಯಲ್ಲಿ ನಿಲ್ಲುವುದಿಲ್ಲ. ವರ್ತನಾವಾದದ ವಾಟ್ಸನ್ ಬಗ್ಗೆ ಓದುವಾಗ ವಾಟ್ಸನ್ ಹೇಳಿದ್ದೇ ಸರಿ ಎನಿಸುತ್ತದೆ. ಪುಟ ತಿರುವಿ ಮಾನವತಾವಾದದ ರೋಜರ್ಸ್ ಬಳಿಗೆ ಬಂದರೆ ಅವರೂ ಸರಿ.

ಎರಡು ಪ್ರಶ್ನೆಗಳಿವೆ. ಇವುಗಳಲ್ಲಿ ಸರಿ ಯಾವುದು ಎಂಬುದು ಇಂದಿಗೆ ತೀರ್ಮಾನವಾಗಿದೆಯೇ? ಆಗಿದ್ದರೆ, ಉಳಿದವನ್ನು ಓದಿಸುವುದು ಏಕೆ?

ಹಳೆಯ ಅಧ್ಯಾಪಕ:

ಕುತೂಹಲಿಯವರೇ, ನಿಮ್ಮ ತಳಮಳ ನ್ಯಾಯವಾದದ್ದೇ. ಈ ಪತ್ರಿಕೆಯನ್ನು ಬಹಳ ವರ್ಷ ಕಲಿಸಿದವನು ನಾನು. ಪಂಥಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದಾಗಿ ಪರಿಚಯಿಸುವ ಪುಸ್ತಕಗಳನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವು ಒಂದರೊಡನೊಂದು ಜಗಳವಾಡುತ್ತ ಬೆಳೆದವು. ಜಗಳ ಯಾವುದರ ಬಗ್ಗೆ ಎಂಬುದನ್ನು ಹಿಡಿದುಕೊಂಡರೆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮನಸ್ಸಿನ ಬಗ್ಗೆ ಒಬ್ಬರು ಒಂದು ಮಾತು ಹೇಳಿದರೆ ಅದಕ್ಕೆ ಸಾಕ್ಷ್ಯ ಯಾವುದು? ಅವರು ಕಾದಾಡಿದ್ದು ಮುಖ್ಯವಾಗಿ ಇದರ ಮೇಲೆ.

ಬುನಾದಿಯಿಂದ ನೋಡಿ. ಮನಸ್ಸನ್ನು ಗಣಿತಕ್ಕೆ ಒಳಪಡಿಸಲಾಗದು, ಆದ್ದರಿಂದ ಅದರ ಅಧ್ಯಯನ ನಿಜವಾದ ವಿಜ್ಞಾನವಾಗದು ಎಂದು 1786ರಲ್ಲಿ ತತ್ವಜ್ಞಾನಿ ಕಾಂಟ್ ಬರೆದಿದ್ದರು. 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂದೇಶ ಹರಿಯುವ ವೇಗವನ್ನು ಅಳೆದರು. ಅದು ಬೆಳಕಿನಷ್ಟು ವೇಗವಾಗಿರಬಹುದು ಎಂದು ಊಹಿಸಿದ್ದವರಿಗೆ ಸಿಕ್ಕಿದ್ದು ಸೆಕೆಂಡಿಗೆ ಸುಮಾರು 27 ಮೀಟರ್! ಹಾಗಾದರೆ ಅರಿವಿಗೂ ಹೊತ್ತು ಹಿಡಿಯುತ್ತದೆ, ಹೊತ್ತನ್ನು ಅಳೆಯಬಹುದು. 1868ರಲ್ಲಿ ಡಾಂಡರ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೆಳಕು ಕಂಡೊಡನೆ ಕೈ ಆಡಿಸಲು ಹಿಡಿಯುವ ಸಮಯ ಒಂದು, ಎರಡು ಬೆಳಕುಗಳಲ್ಲಿ ಯಾವುದು ಎಂದು ಗುರುತಿಸಿ ತಕ್ಕ ಕೈ ಆಡಿಸುವ ಸಮಯ ಇನ್ನೊಂದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದು ಗುರುತಿಸಿ ನಿರ್ಧರಿಸಲು ಬೇಕಾದ ಸಮಯ. ಲೆಕ್ಕ ಬಲ್ಲ ನಿಮಗೆ ಈ ಕಳೆಯುವಿಕೆಯ ಸೊಗಸು ಹೇಳಿಕೊಡಬೇಕಾಗಿಲ್ಲ. 1879ರಲ್ಲಿ ಲೈಪ್‌ಜಿಗ್‌ನಲ್ಲಿ ವುಂಟ್ ಪ್ರಯೋಗಾಲಯ ಆರಂಭಿಸಿದ್ದು ಈ ನೆಲದ ಮೇಲೆ.

ಈಗ ಜಗಳಕ್ಕೆ ಬರುತ್ತೇನೆ. ವುಂಟ್ ಅವರ ಶಿಷ್ಯ ಟಿಚನರ್ 1892ರಲ್ಲಿ ಅಮೆರಿಕದ ಕಾರ್ನೆಲ್‌ಗೆ ಹೋಗಿ ರಚನಾವಾದವನ್ನು ಕಟ್ಟಿದರು. ಅನುಭವವನ್ನು ಅದರ ಮೂಲ ಘಟಕಗಳಾಗಿ ಬಿಡಿಸುವುದು ಗುರಿ, ಅಂತರವಲೋಕನ, ಅಂದರೆ ತನ್ನ ಅನುಭವವನ್ನು ತಾನೇ ಗಮನಿಸಿ ವರದಿ ಮಾಡುವುದು, ಉಪಕರಣ. ಎದುರಿಗೆ ಪುಸ್ತಕವಿಟ್ಟರೆ ವೀಕ್ಷಕರು 'ಪುಸ್ತಕ' ಎನ್ನುವಂತಿಲ್ಲ. ಬಣ್ಣ, ಹೊಳಪು, ಆಕಾರ, ಅಂಚು ಇಷ್ಟನ್ನೇ ವರದಿ ಮಾಡಬೇಕು. ಅದಕ್ಕಾಗಿ ಕಠಿಣ ತರಬೇತಿ. ಹೀಗೆ ಎಣಿಸಿ 44 ಸಾವಿರಕ್ಕೂ ಹೆಚ್ಚು ಸಂವೇದನೆಗಳನ್ನು ಟಿಚನರ್ ಪಟ್ಟಿಗೆ ಸೇರಿಸಿದ್ದರು.

ಅದೇ ಹೊತ್ತಿಗೆ ವುರ್ಟ್ಸ್‌ಬರ್ಗ್‌ನಲ್ಲಿ ಕ್ಯುಲ್ಪೆ ಅವರ ಗುಂಪು ಇದೇ ಉಪಕರಣ ಹಿಡಿದು ಬೇರೆ ಕಡೆ ತಲುಪಿತು. ಕ್ಯುಲ್ಪೆ ಕೂಡ ವುಂಟ್ ಶಿಷ್ಯರೇ. ಎರಡು ತೂಕಗಳನ್ನು ಕೈಗೆ ಕೊಟ್ಟು ಯಾವುದು ಭಾರ ಎಂದು ಕೇಳಿದರು. ಉತ್ತರ ಬಂತು, ಸರಿಯಾಗಿಯೂ ಬಂತು. ಆದರೆ ನಿರ್ಧಾರ ಮಾಡಿದ ಕ್ಷಣದಲ್ಲಿ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದರೆ, ಹೇಳಲು ಏನೂ ಇರಲಿಲ್ಲ. ಚಿತ್ರವಿಲ್ಲ, ಸಂವೇದನೆಯಿಲ್ಲ, ತೀರ್ಪು ಮಾತ್ರ. ಬಿಂಬವಿಲ್ಲದ ಆಲೋಚನೆ ಇದೆ ಎಂದರು ಇವರು. ನಿಮ್ಮ ವೀಕ್ಷಕರಿಗೆ ತರಬೇತಿ ಸಾಲದು, ನಮ್ಮವರಿಗೆ ಅಲ್ಲಿ ಮಸುಕಾದ ಸಂವೇದನೆಗಳು ಕಾಣುತ್ತವೆ ಎಂದರು ಟಿಚನರ್. ಈ ವ್ಯಾಜ್ಯವನ್ನು ಬಗೆಹರಿಸುವವರು ಯಾರು? ಮೂರನೆಯವರು ಇಣುಕಿ ನೋಡಲು ಅಲ್ಲಿ ಕಿಟಕಿಯೇ ಇಲ್ಲ. ರಚನಾವಾದದ ಬಲ ಕುಂದಿದ್ದಕ್ಕೆ ನಾನು ಕೊಡುವ ಮೊದಲ ಕಾರಣ ಇದು.

1913ರಲ್ಲಿ ವಾಟ್ಸನ್ ಎತ್ತಿದ ಆಕ್ಷೇಪವೂ ಇದೇ. ಬೇರೆ ವಿಜ್ಞಾನಗಳಲ್ಲಿ ಫಲಿತಾಂಶ ಮರುಕಳಿಸದಿದ್ದರೆ ಉಪಕರಣವನ್ನು ದೂರುತ್ತಾರೆ, ಇಲ್ಲಿ ವೀಕ್ಷಕನನ್ನು ದೂರುತ್ತೀರಿ ಎಂದರು ಅವರು. ಎಲ್ಲರಿಗೂ ಕಾಣುವ ವರ್ತನೆಯೊಂದೇ ಸಾಕ್ಷ್ಯ ಎಂಬ ಪಟ್ಟು ಹುಟ್ಟಿದ್ದು ಹೀಗೆ. ಹಿನ್ನೆಲೆ ತಿಳಿಯದೆ ಓದಿದರೆ ವರ್ತನಾವಾದ ಹೃದಯವಿಲ್ಲದ ಹಟದಂತೆ ಕಾಣುತ್ತದೆ. ತಿಳಿದು ಓದಿದರೆ, ಪ್ರಾಮಾಣಿಕವಾದ ಉಪಾಯ.

ಆ ಉಪಾಯಕ್ಕೆ ಪೆಟ್ಟು ಬಿದ್ದಿದ್ದು ವರ್ತನೆಯ ಸಾಕ್ಷ್ಯದಿಂದಲೇ, ಇದು ನನಗೆ ಅತ್ಯಂತ ಇಷ್ಟವಾದ ಭಾಗ. 1930ರಲ್ಲಿ ಟೋಲ್ಮನ್ ಮತ್ತು ಹೊನ್ಜಿಕ್ ಮೂರು ಗುಂಪು ಇಲಿಗಳನ್ನು ಚಕ್ರವ್ಯೂಹದಂಥ ದಾರಿಯಲ್ಲಿ ಬಿಟ್ಟರು. ಒಂದು ಗುಂಪಿಗೆ ಕೊನೆಯಲ್ಲಿ ದಿನವೂ ಆಹಾರ. ಎರಡನೆಯದಕ್ಕೆ ಎಂದೂ ಇಲ್ಲ. ಮೂರನೆಯದಕ್ಕೆ 11ನೆಯ ದಿನದಿಂದ ಮಾತ್ರ. ಬಹುಮಾನವಿಲ್ಲದೆ ಕಲಿಕೆಯಿಲ್ಲ ಎನ್ನುವುದು ನಿಜವಾಗಿದ್ದರೆ ಮೂರನೆಯ ಗುಂಪು ಅಂದಿನಿಂದ ನಿಧಾನವಾಗಿ ಕಲಿಯಬೇಕಿತ್ತು. ಆದರೆ 12ನೆಯ ದಿನವೇ ಅವುಗಳ ತಪ್ಪುಗಳು ಸರ್ರನೆ ಇಳಿದು, ದಿನವೂ ಆಹಾರ ಪಡೆದ ಇಲಿಗಳ ಮಟ್ಟ ಮುಟ್ಟಿದವು. ಅಷ್ಟು ದಿನ ಗೊತ್ತುಗುರಿಯಿಲ್ಲದೆ ಅಲೆಯುವಂತೆ ಕಂಡ ಇಲಿಗಳು ದಾರಿಯನ್ನು ಕಲಿಯುತ್ತಲೇ ಇದ್ದವು, ತೋರಿಸಲು ಕಾರಣವಿರಲಿಲ್ಲ. ಇಲಿಯ ತಲೆಯಲ್ಲಿ ಒಂದು ನಕ್ಷೆಯಿದೆ ಎಂದು ಟೋಲ್ಮನ್ 1948ರಲ್ಲಿ ಬರೆದಾಗ, ವಾಟ್ಸನ್ ಹೊರಹಾಕಿದ್ದ 'ಒಳಗಿನದು' ಮತ್ತೆ ಒಳಬಂದಿತ್ತು. ಈ ಬಾರಿ ಎಲ್ಲರೂ ಎಣಿಸಬಹುದಾದ ಸಾಕ್ಷ್ಯದೊಡನೆ.

ಆಪ್ತಸಮಾಲೋಚಕಿ:

ಹಳೆಯ ಅಧ್ಯಾಪಕರ ಮಾತಿಗೆ ಒಂದು ತಕರಾರಿದೆ, ಗೌರವದಿಂದಲೇ ಹೇಳುತ್ತೇನೆ. ಪ್ರಯೋಗಾಲಯದ ಲೆಕ್ಕದಲ್ಲಿ ಸೋತ ಪಂಥಗಳು ಆಪ್ತಸಮಾಲೋಚನೆಯ ಕೋಣೆಯಲ್ಲಿ ದಿನವೂ ಕೆಲಸ ಮಾಡುತ್ತಿವೆ.

ಪೀಟರ್ ಎಂಬ ಪುಟ್ಟ ಹುಡುಗನಿಗೆ ಮೊಲ ಕಂಡರೆ ಭಯ. 1924ರಲ್ಲಿ ಮೇರಿ ಕವರ್ ಜೋನ್ಸ್ ತಮ್ಮ ವರದಿಯಲ್ಲಿ ಆ ಭಯವನ್ನು ಹೋಗಲಾಡಿಸಿದ ಬಗೆಯನ್ನು ವಿವರಿಸಿದ್ದಾರೆ. ಮಗು ತನಗೆ ಇಷ್ಟವಾದದ್ದನ್ನು ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿಟ್ಟು, ಮಗು ಸಹಿಸಿದಷ್ಟೇ ಹತ್ತಿರ ತರುತ್ತ ಹೋದರು. ಕೊನೆಗೆ ಪೀಟರ್ ಮೊಲವನ್ನು ಮುಟ್ಟಿ ಆಡಿದ. ಎತ್ತರ, ನಾಯಿ, ಲಿಫ್ಟ್ ಎಂದರೆ ಹೆದರುವವರೊಡನೆ ನಾನು ಇಂದು ಮಾಡುವ ಕೆಲಸ ಇದರ ನೇರ ಸಂತತಿ. ಒಪ್ಪಿಗೆ ಕೇಳುವುದು, ಹೆಜ್ಜೆಗಳನ್ನು ಅವರೇ ಜೋಡಿಸುವುದು, ಇದೆಲ್ಲ ಆಮೇಲೆ ಸೇರಿಕೊಂಡಿತು.

ಎದುರಿಗಿದ್ದವರ ಮಾತನ್ನು ತೀರ್ಪು ಕೊಡದೆ ಕೇಳುವ ಶಿಸ್ತನ್ನು ನಾನು ಕಲಿತದ್ದು ರೋಜರ್ಸ್ ಅವರಿಂದ. ಸಾಕ್ಷ್ಯದ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಒಂದು ಇಡೀ ಚಿಕಿತ್ಸೆಯ ಸಂಭಾಷಣೆಗಳನ್ನು ಧ್ವನಿಮುದ್ರಿಸಿ, ಪದ ಬಿಡದಂತೆ 1942ರಲ್ಲಿ ಅಚ್ಚು ಹಾಕಿಸಿದವರು ಅವರು. ಅಲ್ಲಿಯವರೆಗೆ ಚಿಕಿತ್ಸಕರು ನೆನಪಿನಿಂದ ಬರೆದುಕೊಂಡದ್ದನ್ನೇ ನಂಬಬೇಕಿತ್ತು. ಮನೋವಿಶ್ಲೇಷಣೆಯ ಫ್ರಾಯ್ಡ್ ಅವರ ರೋಗಿಗಳ ಕಥನಗಳ ವಿಷಯದಲ್ಲಿ ನನ್ನ ದೊಡ್ಡ ಅಸಮಾಧಾನವೂ ಇದೇ. ಆದರೆ ಮನುಷ್ಯ ತನ್ನ ನಡತೆಯ ಕಾರಣವನ್ನು ತಾನೇ ಅರಿತಿರಬೇಕಾಗಿಲ್ಲ ಎಂಬ ಅವರ ಒತ್ತಾಯವನ್ನು ನಾನು ಬಿಟ್ಟುಕೊಡಲಾರೆ.

ಗ್ರಂಥಾಲಯದವನು:

ಚಿಕ್ಕ ಸೇರ್ಪಡೆ. ಕುತೂಹಲಿಯವರ ಪುಸ್ತಕದಲ್ಲಿ ವುಂಟ್ ಅವರನ್ನು ರಚನಾವಾದದ ಸ್ಥಾಪಕ ಎಂದು ಬರೆದಿದ್ದರೆ ಅಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಆ ಹೆಸರೂ ಆ ಯೋಜನೆಯೂ ಟಿಚನರ್ ಅವರದು. ವುಂಟ್ ಮನಸ್ಸನ್ನು ಜೋಡಿಸುವ, ಆಯುವ ಸಕ್ರಿಯ ಶಕ್ತಿಯೆಂದೇ ಕಂಡವರು. ಭಾಷೆ, ಪುರಾಣ, ಆಚಾರಗಳನ್ನು ಪ್ರಯೋಗಾಲಯದಲ್ಲಿ ಅರಿಯಲಾಗದೆಂದು ನಂಬಿ, ಅವುಗಳ ಬಗ್ಗೆ 1900ರಿಂದ 1920ರವರೆಗೆ ಹತ್ತು ಸಂಪುಟ ಬರೆದರು. ಪಠ್ಯಗಳು ಆ ಅರ್ಧ ವುಂಟ್ ಅವರನ್ನು ಮರೆತೇಬಿಟ್ಟಿವೆ, ಅದು ಅನ್ಯಾಯ.

ಕುತೂಹಲಿ:

ಮೂವರಿಗೂ ಧನ್ಯವಾದ. ತೂಕದ ಪ್ರಯೋಗ ಓದಿದ ಮೇಲೆ ವಾಟ್ಸನ್ ಸಿಟ್ಟಿನ ಕಾರಣ ಮೊದಲ ಬಾರಿಗೆ ತಿಳಿಯಿತು. ಆದರೆ ಹೊಸ ಪ್ರಶ್ನೆ ಎದ್ದಿದೆ. ಇಲಿಗಳ ಫಲಿತಾಂಶ 1930ರಲ್ಲೇ ಬಂದಿದ್ದರೆ, ವರ್ತನಾವಾದ ಮತ್ತೆ ಮೂವತ್ತು ವರ್ಷ ಹೇಗೆ ಮೆರೆಯಿತು?

ಹಳೆಯ ಅಧ್ಯಾಪಕ:

ಒಳ್ಳೆಯ ಪ್ರಶ್ನೆ. ಆಪ್ತಸಮಾಲೋಚಕಿಯವರ ತಕರಾರನ್ನು ಪೂರ್ತಿ ಒಪ್ಪುತ್ತೇನೆ, ರೋಜರ್ಸ್ ಅವರ ಧ್ವನಿಮುದ್ರಣ ನನ್ನ ವಾದಕ್ಕೂ ಬಲ ಕೊಟ್ಟಿತು.

ಒಂದೇ ಪ್ರಯೋಗಕ್ಕೆ ಪಂಥ ಮುರಿದುಬೀಳುವುದಿಲ್ಲ. 'ತಲೆಯಲ್ಲಿ ನಕ್ಷೆ' ಎಂದರೆ ಸಾಲದು, ನಕ್ಷೆ ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ಹೇಳುವ ಭಾಷೆ ಬೇಕು. ಅದು 1930ರಲ್ಲಿ ಇರಲಿಲ್ಲ. 1948ರಲ್ಲಿ ಶ್ಯಾನನ್ ಮಾಹಿತಿಯನ್ನು ಅಳೆಯುವ ಸಿದ್ಧಾಂತ ಕೊಟ್ಟರು, ಗಣಕಯಂತ್ರಗಳು ಬಂದವು. ಸ್ಮೃತಿ, ಸಂಕೇತ, ಸಂಸ್ಕರಣೆ ಎಂಬ ಮಾತುಗಳನ್ನು ಯಂತ್ರದಲ್ಲಿಟ್ಟು ತೋರಿಸಬಹುದಾಯಿತು. 1956ರಲ್ಲಿ ಮಿಲ್ಲರ್ ನಮ್ಮ ತತ್‌ಕ್ಷಣದ ನೆನಪಿನ ಮಿತಿಯನ್ನು ಸುಮಾರು ಏಳು ಘಟಕಗಳೆಂದು ಬರೆದರು. ವರ್ತನಾವಾದಿ ಸ್ಕಿನ್ನರ್ ಭಾಷೆಯ ಬಗ್ಗೆ 1957ರಲ್ಲಿ ಹೊರತಂದ ಪುಸ್ತಕವನ್ನು 1959ರಲ್ಲಿ ಭಾಷಾವಿಜ್ಞಾನಿ ಚಾಮ್‌ಸ್ಕಿ ಕಟುವಾಗಿ ವಿಮರ್ಶಿಸಿದರು.

ಒಳಗಿನಿಂದ ಇನ್ನೊಂದು ಪೆಟ್ಟು ಬಿತ್ತು. ಯಾವ ಪ್ರಚೋದನೆಯನ್ನು ಯಾವುದಕ್ಕೆ ಬೇಕಾದರೂ ಗಂಟುಹಾಕಬಹುದು ಎಂಬುದು ಅನುಬಂಧನದ, ಅಂದರೆ ಎರಡು ಸಂಗತಿಗಳನ್ನು ಜೋಡಿಸಿ ಕಲಿಸುವ ವಿಧಾನದ, ನಂಬಿಕೆಯಾಗಿತ್ತು. 1966ರಲ್ಲಿ ಗಾರ್ಸಿಯಾ ಮತ್ತು ಕೋಲಿಂಗ್ ಇಲಿಗಳಿಗೆ ರುಚಿ, ಬೆಳಕು ಮತ್ತು ಸದ್ದನ್ನು ಒಟ್ಟಿಗೆ ಕೊಟ್ಟರು. ಆಮೇಲೆ ಹೊಟ್ಟೆ ಕೆಟ್ಟ ಇಲಿಗಳು ರುಚಿಯನ್ನು ದೂರವಿಟ್ಟವು, ವಿದ್ಯುತ್ ಆಘಾತ ತಿಂದವು ಬೆಳಕು ಮತ್ತು ಸದ್ದನ್ನು. ಏನನ್ನು ಯಾವುದಕ್ಕೆ ಜೋಡಿಸಬೇಕೆಂಬ ಒಲವು ಪ್ರಾಣಿಯಲ್ಲಿ ಮೊದಲೇ ಇತ್ತು. ಗಾರ್ಸಿಯಾ ಅವರ ಲೇಖನಗಳನ್ನು ಪ್ರಮುಖ ಪತ್ರಿಕೆಗಳು ಹಲವು ಬಾರಿ ಹಿಂದಿರುಗಿಸಿದ್ದವು, ಇದನ್ನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತಿದ್ದೆ.

ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಒಂದು ಪಂಥ ಗೆದ್ದಿದೆ ಎಂಬ ತೀರ್ಮಾನ ಆಗಿಲ್ಲ. ಇಂದಿನ ಸಂಶೋಧಕರಲ್ಲಿ ಬಹುಪಾಲು ಜನ ಯಾವ ಪಂಥದ ಹೆಸರನ್ನೂ ಹೇಳಿಕೊಳ್ಳುವುದಿಲ್ಲ. ವಾಟ್ಸನ್ ಕೇಳಿದಂಥ ಸಾಕ್ಷ್ಯವನ್ನಿಟ್ಟುಕೊಂಡು ಟಿಚನರ್ ಕೇಳಿದಂಥ ಪ್ರಶ್ನೆಗಳನ್ನು ಕೇಳುತ್ತಾರೆ. ಪರೀಕ್ಷೆಗೆ ಓದುವಾಗ ಪ್ರತಿ ಪಂಥದ ಎದುರು ಎರಡು ಸಾಲು ಬರೆದುಕೊಳ್ಳಿ: ಇವರು ಯಾವುದನ್ನು ಸಾಕ್ಷ್ಯವೆಂದು ಒಪ್ಪಿದರು, ಯಾವ ಫಲಿತಾಂಶ ಇವರನ್ನು ಇಕ್ಕಟ್ಟಿಗೆ ಸಿಲುಕಿಸಿತು. ಅನುಭವವನ್ನು ಬಿಡಿಸದೆ ಇಡಿಯಾಗಿ ನೋಡುವ ಗೆಸ್ಟಾಲ್ಟ್‌ನಿಂದ ಆರಂಭಿಸಿ, ನಾನು ಅದನ್ನು ಮುಟ್ಟಲೇ ಇಲ್ಲ. 1912ರ ವರ್ಟ್‌ಹೈಮರ್ ಪ್ರಯೋಗದಲ್ಲಿ ಎರಡು ಗೆರೆಗಳು ಒಂದರ ನಂತರ ಒಂದು ಮಿಂಚಿದಾಗ ಕಣ್ಣಿಗೆ ಚಲನೆ ಕಂಡಿತು. ಆ ಚಲನೆ ಟಿಚನರ್ ಪಟ್ಟಿಯ ಯಾವ ಘಟಕದಲ್ಲಿದೆ? ನೀವು ಬರೆದ ಉತ್ತರವನ್ನು ಇಲ್ಲಿ ಹಾಕಿ, ನೋಡುತ್ತೇನೆ.