'ಎಂಡ್ ಟು ಎಂಡ್ ಟೆಸ್ಟಿಂಗ್': ಇಲ್ಲಿ ಎರಡು ತುದಿ ಯಾವುವು?

ಗೆಳೆಯರೇ,

ಸಾಫ್ಟ್‌ವೇರ್ ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ನಿಂತುಬಿಟ್ಟಿದ್ದೇನೆ. 'ಆಟೊಮೇಟೆಡ್ ಎಂಡ್ ಟು ಎಂಡ್ ಟೆಸ್ಟಿಂಗ್' ಅನ್ನುವುದಕ್ಕೆ ಏನು ಬರೆಯೋಣ ಅನ್ನುವುದೇ ತೊಡಕು. ಕನ್ನಡ ಲಿಪಿಯಲ್ಲಿ ಹಾಗೇ ಬರೆದರೂ ಈ ಕೆಲಸದವರಿಗೆ ಗೊತ್ತಾಗುತ್ತದೆ. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅರ್ಥ ಬಿಡಿಸಿ ಹೇಳುವ ಸಾಲಿನಲ್ಲಿ ಕನ್ನಡದ ಮಾತು ಬೇಕೇ ಬೇಕಲ್ವಾ?

ಮೊದಲು ವಿಷಯ ಹೇಳಿಬಿಡುತ್ತೇನೆ. ಒಬ್ಬರು ಆನ್‌ಲೈನ್‌ನಲ್ಲಿ ಪುಸ್ತಕ ಕೊಳ್ಳುತ್ತಾರೆ ಅಂದುಕೊಳ್ಳಿ. ವೆಬ್ ಪುಟದಲ್ಲಿ ಆರ್ಡರ್ ಮಾಡುತ್ತಾರೆ. ಹಣ ಕಟ್ಟುವುದು ಇನ್ನೊಂದು ವ್ಯವಸ್ಥೆಯಲ್ಲಿ. ದಾಸ್ತಾನಿನ ಲೆಕ್ಕ ಮೂರನೆಯದರಲ್ಲಿ. ಕೊರಿಯರ್‌ನವರ ಆಪ್ ಬೇರೆ. ಕೊನೆಗೆ ಮೊಬೈಲಿಗೆ ಸಂದೇಶ ಬರುತ್ತದೆ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಎಲ್ಲ ಸರಿ ಇರಬಹುದು. ಎಡವಟ್ಟು ಆಗುವುದು ಒಂದರಿಂದ ಇನ್ನೊಂದಕ್ಕೆ ಮಾಹಿತಿ ದಾಟುವ ಕಡೆ. ಒಂದು ವ್ಯವಸ್ಥೆ ದಿನಾಂಕದಲ್ಲಿ ತಿಂಗಳನ್ನು ಮೊದಲು ಬರೆದು, ಇನ್ನೊಂದು ದಿನವನ್ನು ಮೊದಲು ಬರೆದರೆ ಸಾಕು, ಪುಸ್ತಕ ಯಾವಾಗಲೋ ತಲುಪುತ್ತದೆ. ಅದಕ್ಕೇ ಬಳಸುವವರು ನಡೆಯುವ ದಾರಿಯನ್ನೇ ಹಿಡಿದು ಇಡೀ ಸರಪಳಿಯನ್ನು ಪರೀಕ್ಷಿಸುತ್ತೇವೆ. ಬ್ರೌಸರಿಗೆ ಸೆಲೆನಿಯಮ್ ಅಥವಾ ಪ್ಲೇರೈಟ್, ಮೊಬೈಲ್ ಆಪ್‌ಗೆ ಅಪ್ಪಿಯಮ್, ಇವನ್ನೆಲ್ಲ ಹೊತ್ತಿಗೆ ಸರಿಯಾಗಿ ಓಡಿಸಲು ಜೆಂಕಿನ್ಸ್. ಹೀಗೆ ನಾಲ್ಕಾರು ಉಪಕರಣಗಳನ್ನು ಜೋಡಿಸಿಕೊಳ್ಳಬೇಕಾಗುತ್ತದೆ.

ಇದಕ್ಕೆ 'ಕೊನೆಯಿಂದ ಕೊನೆಗೆ ಪರೀಕ್ಷೆ' ಅಂತ ಬರೆದರೆ ಕಿವಿಗೆ ಒಗ್ಗುವುದಿಲ್ಲ. ಕೊನೆ ಅಂದರೆ ನಮಗೆ ಮುಗಿಯುವ ಜಾಗ. ಕೊನೆಯಿಂದ ಶುರುಮಾಡುವುದು ಹೇಗೆ? 'ತುದಿಯಿಂದ ತುದಿಗೆ' ಸ್ವಲ್ಪ ವಾಸಿ. ಆದರೆ ಅದು ಸಂದೇಶದ ಗುಟ್ಟು ಕಾಯುವ 'ಎಂಡ್ ಟು ಎಂಡ್ ಎನ್‌ಕ್ರಿಪ್ಶನ್'ಗೆ ಜಾಸ್ತಿ ಹೊಂದುತ್ತದೆ. ಅಲ್ಲಿ ನಿಜವಾಗಿಯೂ ಎರಡು ತುದಿ ಇವೆ. ಈ ತುದಿಯಲ್ಲಿ ಕಳಿಸುವವರು, ಆ ತುದಿಯಲ್ಲಿ ಪಡೆಯುವವರು. ಪರೀಕ್ಷೆಯಲ್ಲಿ ಹಾಗಲ್ಲ. ಆರ್ಡರ್ ಮಾಡಿದವರೂ ಅವರೇ, ಸಂದೇಶ ಬಂತಾ ಅಂತ ನೋಡುವವರೂ ಅವರೇ. ಇಲ್ಲಿ ಇರುವುದು ಕೆಲಸದ ಮೊದಲು ಮತ್ತು ಕೊನೆ. ಇಂಗ್ಲಿಷಿನಲ್ಲಿ ಆ ಗುಟ್ಟು ಕಾಯುವುದಕ್ಕೂ ಈ ಪರೀಕ್ಷೆಗೂ ಒಂದೇ ಮಾತು ನಡೆದುಬಿಟ್ಟಿದೆ. ಕನ್ನಡದಲ್ಲಿ ಎರಡು ಬೇರೆ ಮಾತು ಬೇಕು ಅನ್ನುವುದು ನನ್ನ ಅನಿಸಿಕೆ.

'ಆದ್ಯಂತ' ನೆನಪಾಯಿತು. ಆದಿ, ಅಂತ ಎರಡೂ ಅದರಲ್ಲೇ ಇವೆ. ಬಿಡಿಸಿ ನೋಡಿದರೆ ಇದಕ್ಕಿಂತ ಸರಿಯಾದ ಪದವೇ ಇಲ್ಲ. ಆದರೆ 'ರಾಜ್ಯಾದ್ಯಂತ', 'ದೇಶಾದ್ಯಂತ' ಅಂತ ಬಳಸಿ ಬಳಸಿ ಅದಕ್ಕೆ 'ಎಲ್ಲ ಕಡೆ' ಅನ್ನುವ ಅರ್ಥ ಅಂಟಿಕೊಂಡಿದೆ. 'ಆದ್ಯಂತ ಪರೀಕ್ಷೆ' ಅಂದರೆ ಮೂಲೆಮೂಲೆಯನ್ನೂ ನೋಡಿದ್ದಾರೆ ಅಂತ ಓದುವವರು ತಿಳಿಯುತ್ತಾರೆ. 'ಸಮಗ್ರ', 'ಆಮೂಲಾಗ್ರ' ಇವುಗಳಲ್ಲೂ ಅದೇ ತೊಂದರೆ. ಈ ಪರೀಕ್ಷೆಗೆ ಉದ್ದ ಇದೆ, ಅಗಲ ಇಲ್ಲ. ಒಂದು ದಾರಿಯನ್ನು ಮೊದಲಿಂದ ಕೊನೆವರೆಗೆ ನಡೆದು ನೋಡುತ್ತದೆ, ಅಷ್ಟೇ. ಪಕ್ಕದ ದಾರಿಯಲ್ಲಿ ಗುಂಡಿ ಇದ್ದರೆ ಅದಕ್ಕೆ ಕಾಣುವುದಿಲ್ಲ. ಹೊಸಬರು ಇದನ್ನು ತಪ್ಪಾಗಿ ತಿಳಿದರೆ ಸಣ್ಣ ಸಣ್ಣ ಬಿಡಿ ಪರೀಕ್ಷೆಗಳನ್ನು ಬರೆಯುವುದನ್ನೇ ಬಿಟ್ಟುಬಿಡುತ್ತಾರೆ. ಹಾಗಾಗಿ ಸದ್ಯಕ್ಕೆ 'ದಾರಿಯುದ್ದದ ಪರೀಕ್ಷೆ' ಅಂತ ಬರೆದುಕೊಂಡಿದ್ದೇನೆ.

ಇನ್ನು 'ಆಟೊಮೇಶನ್'. 'ಸ್ವಯಂಚಾಲಿತ' ಅನ್ನುವುದು ಎಲ್ಲರಿಗೂ ಗೊತ್ತಿರುವ ಪದ. ಆದರೆ ತಾನೇ ನಡೆಯುವುದು ಅನ್ನುವ ಅದರ ಅರ್ಥವೇ ಇಲ್ಲಿ ದಾರಿ ತಪ್ಪಿಸುತ್ತದೆ. ಒಮ್ಮೆ ಬರೆದಿಟ್ಟರೆ ಮತ್ತೆ ಕೈ ಹಾಕಬೇಕಿಲ್ಲ ಅನ್ನುವ ಭಾವನೆ ಬರುತ್ತದೆ. ಪುಟದಲ್ಲಿ ಒಂದು ಬಟನ್ನಿನ ಗುರುತು ಬದಲಾದರೂ ಸಾಕು, ಪರೀಕ್ಷೆ ಅಲ್ಲೇ ನಿಲ್ಲುತ್ತದೆ. ಯಾರಾದರೂ ಕೂತು ಸರಿಮಾಡಬೇಕು. 2004ರಲ್ಲಿ ಜೇಸನ್ ಹಗಿನ್ಸ್ ಥಾಟ್‌ವರ್ಕ್ಸ್ ಕಂಪನಿಯಲ್ಲಿ ಸೆಲೆನಿಯಮ್ ಶುರುಮಾಡಿದರಲ್ಲ, ಆಗ ಅದು ಕಂಪನಿಯ ಒಳಗಿನ ಸಮಯ ಮತ್ತು ಖರ್ಚಿನ ಲೆಕ್ಕದ ಆಪ್ ಅನ್ನು ಪರೀಕ್ಷಿಸಲು ಮಾಡಿಕೊಂಡ ಉಪಕರಣ. ಕೈಯಿಂದ ಮಾಡುತ್ತಿದ್ದದ್ದನ್ನು ಬ್ರೌಸರಿನಿಂದಲೇ ಮಾಡಿಸುವುದು ಅದರ ಕೆಲಸ. ಬ್ರೌಸರನ್ನು ಪ್ರೋಗ್ರಾಮಿನಿಂದ ಓಡಿಸಲು ಒಂದು ವಿಧಾನ ಇದೆ, 2018ರಲ್ಲಿ ಅದು ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾನದಂಡವಾಯಿತು. ಅದರ 'ವೆಬ್‌ಡ್ರೈವರ್' ಹೆಸರಲ್ಲೂ 'ಡ್ರೈವರ್' ಇದ್ದಾರೆ ನೋಡಿ. ಬ್ರೌಸರ್ ತಾನಾಗಿ ಓಡುತ್ತಿಲ್ಲ, ಯಾರೋ ಓಡಿಸುತ್ತಿದ್ದಾರೆ.

ಕನ್ನಡದಲ್ಲಿ ಇದಕ್ಕೆ ಪದ ಹುಡುಕುವ ಮೊದಲು ನಮ್ಮ 'ಇಸು' ಪ್ರತ್ಯಯವನ್ನು ನೋಡಬೇಕು. ಮಾಡು, ಮಾಡಿಸು. ಓಡು, ಓಡಿಸು. ಆಟೊಮೇಶನ್ ಅಂದರೆ 'ಯಂತ್ರದಿಂದ ಮಾಡಿಸುವುದು'. ಮಾಡಿಸುವವರು ಒಬ್ಬರು ಇದ್ದಾರೆ ಅನ್ನುವುದು ಕ್ರಿಯಾಪದದಲ್ಲೇ ಬಂದುಬಿಡುತ್ತದೆ. ಕೈಪಿಡಿಯ ವಿವರಣೆಯಲ್ಲಿ ಇದನ್ನೇ ಇಟ್ಟುಕೊಳ್ಳುತ್ತೇನೆ. ತಲೆಬರಹಕ್ಕೆ ಉದ್ದವಾಯಿತು, ಅದೊಂದೇ ಕೊರತೆ.

ಕಷ್ಟದ ಜಾಗ ಇನ್ನೊಂದಿದೆ. 'ಟೆಸ್ಟ್ ಫೇಲ್ಡ್'. ಒಂದು ಸಲ ನಾನೇ ವರದಿಯಲ್ಲಿ 'ಪರೀಕ್ಷೆ ವಿಫಲವಾಗಿದೆ' ಅಂತ ಬರೆದೆ. ಓದಿದವರು ಪರೀಕ್ಷೆಯೇ ನಡೆಯಲಿಲ್ಲ ಅಂದುಕೊಂಡು ಸುಮ್ನೆ ಮತ್ತೆ ಓಡಿಸಿದರು. ನಿಜಕ್ಕೂ ಪರೀಕ್ಷೆ ಚೆನ್ನಾಗಿ ನಡೆದು ತಪ್ಪನ್ನು ಹಿಡಿದಿತ್ತು! ಅರ್ಧ ದಿನ ಹೋಯಿತು. ಆಮೇಲೆ ಹೊಳೆಯಿತು. ಶಾಲೆಯಲ್ಲಿ ನಾವು ಪರೀಕ್ಷೆ ಫೇಲಾಯಿತು ಅನ್ನುವುದಿಲ್ಲ, 'ಪರೀಕ್ಷೆಯಲ್ಲಿ' ಹುಡುಗ ಫೇಲಾದ ಅನ್ನುತ್ತೇವೆ. ಆ 'ಅಲ್ಲಿ' ವಿಭಕ್ತಿಯೇ ಇಲ್ಲಿಯೂ ಸಾಕು. 'ಪರೀಕ್ಷೆಯಲ್ಲಿ ಪಾವತಿ ಆಪ್ ಫೇಲಾಗಿದೆ' ಅಂದರೆ ತಪ್ಪು ಆಪ್‌ನದು. ಗೊಂದಲವೇ ಇಲ್ಲ.

ಹಾಗಾದರೆ ತಪ್ಪು ಪರೀಕ್ಷೆಯದೇ ಆದಾಗ? ಕೋಡ್ ಒಂದು ಅಕ್ಷರವೂ ಬದಲಾಗಿರುವುದಿಲ್ಲ. ನಿನ್ನೆ ಪಾಸಾದದ್ದು ಇವತ್ತು ಫೇಲು, ಮತ್ತೆ ಓಡಿಸಿದರೆ ಪಾಸು. ಪುಟ ತೆರೆಯುವುದು ತಡವಾಗಿರುತ್ತದೆ, ಅಥವಾ ಇನ್ನೊಂದು ಪರೀಕ್ಷೆ ಅದೇ ಖಾತೆಯ ಮಾಹಿತಿಯನ್ನು ಬದಲಿಸಿರುತ್ತದೆ. ಇದಕ್ಕೆ 'ಫ್ಲೇಕಿ ಟೆಸ್ಟ್' ಅನ್ನುತ್ತಾರೆ. ವ್ಯವಸ್ಥೆಗಳು ಜಾಸ್ತಿಯಾದಷ್ಟೂ ಇದರ ಕಾಟ ಜಾಸ್ತಿ. ತಮ್ಮಲ್ಲಿ ಪರೀಕ್ಷೆಗಳನ್ನು ಓಡಿಸಿದ ನೂರು ಸಲದಲ್ಲಿ ಸುಮಾರು 1.5 ಸಲ ಹೀಗಾಗುತ್ತದೆ, ಸುಮಾರು 16% ಪರೀಕ್ಷೆಗಳಲ್ಲಿ ಈ ದೋಷ ಒಂದಿಷ್ಟಾದರೂ ಇದೆ ಅಂತ ಗೂಗಲ್‌ನವರೇ 2016ರಲ್ಲಿ ಬರೆದಿದ್ದರು. 'ಚಂಚಲ ಪರೀಕ್ಷೆ' ಅಂತ ಒಬ್ಬ ಗೆಳತಿ ಸೂಚಿಸಿದರು. ಚೆನ್ನಾಗಿದೆ, ಆದರೆ ಚಂಚಲ ಅನ್ನುವುದು ಮನಸ್ಸಿನ ಗುಣ. ನನಗೆ 'ಕೈಕೊಡುವ ಪರೀಕ್ಷೆ' ಹಿಡಿಸಿದೆ. ನಂಬಿಕೊಂಡಾಗಲೇ ಅಲ್ವಾ ಕೈಕೊಡುವುದು?

ಪರೀಕ್ಷೆಯ ಹೊತ್ತಿಗೆ ನಿಜವಾದ ಸರ್ವರ್ ಬದಲು ಅದರ ಹಾಗೆ ಉತ್ತರ ಕೊಡುವ ನಕಲು 'ಮಾಕ್ ಸರ್ವರ್'. ಅದಕ್ಕೆ 'ಅಣಕು ಸರ್ವರ್' ಸಾಕು ಅನಿಸುತ್ತದೆ. 'ಅಣಕು ಮತದಾನ' ಆಗಲೇ ಬಳಕೆಯಲ್ಲಿದೆ. ಉಪಕರಣಗಳ ಹೆಸರುಗಳನ್ನು ಮುಟ್ಟುವುದಿಲ್ಲ.

ನಿಮ್ಮಿಂದ ತಿಳಿಯಬೇಕಾದದ್ದು ಎರಡು. 'ದಾರಿಯುದ್ದದ ಪರೀಕ್ಷೆ' ಅಂದ ಕೂಡಲೇ ನಿಮಗೆ ಏನು ಹೊಳೆಯುತ್ತದೆ? ರಸ್ತೆಯ ಪರೀಕ್ಷೆ ಅನಿಸಿದರೆ ಸಂಕೋಚ ಇಲ್ಲದೆ ಹೇಳಿ, ಬದಲಿಸುತ್ತೇನೆ. ಇನ್ನೊಂದು, 'ಯಂತ್ರದಿಂದ ಮಾಡಿಸುವುದು' ಅನ್ನುವುದನ್ನು ಒಂದೇ ಪದದಲ್ಲಿ, ಆ 'ಇಸು' ಉಳಿಯುವ ಹಾಗೆ ಕಟ್ಟಲು ಆಗುತ್ತದೆಯೇ?