ಮಗುವಿನ ಹರ್ನಿಯಾ ಆಪರೇಷನ್: ಗ್ಲೂಕೋಸ್ ಎಷ್ಟು ಬಾಟಲಿ ಹಾಕಿಸಬೇಕು?

ಪ್ರಶ್ನೆ (ಶ್ರೀನಿವಾಸಪುರದ ತಾಯಿ): ಡಾಕ್ಟರೇ, ನನ್ನ ಮಗನಿಗೆ ಮೂರು ವರ್ಷ, ತೂಕ 12 ಕೆ.ಜಿ. ಗುರುವಾರ ಬೆಳಿಗ್ಗೆ 10ಕ್ಕೆ ಕೋಲಾರದಲ್ಲಿ ಹರ್ನಿಯಾ ಆಪರೇಷನ್. ರಾತ್ರಿ ಊಟವಾದ ಮೇಲೆ ಒಂದು ಗುಟುಕು ನೀರೂ ಕೊಡಕೂಡದು ಎಂದು ಮನೆಯವರ ಮಾತು. ಎರಡು ಬಾಟಲಿ ಗ್ಲೂಕೋಸ್ ಹಾಕಿಸಿದರೆ ಶಕ್ತಿ ಬರುತ್ತದೆ ಎನ್ನುತ್ತಾರೆ ಅತ್ತೆ. ಪಕ್ಕದ ಮನೆಯ ಮಗುವಿಗೆ ಅರ್ಧ ಬಾಟಲಿಯೂ ಹೋಗಲಿಲ್ಲವಂತೆ. ಯಾವುದು ಸರಿ?

ಉತ್ತರ (ಅರಿವಳಿಕೆ ವೈದ್ಯೆ): ಪಕ್ಕದ ಮನೆಯ ಮಗುವಿಗೆ ಸರಿಯಾಗಿಯೇ ಆಗಿದೆ ತಾಯಿ.

ಮೊದಲು ನೀರಿನ ವಿಷಯ. ಬಾಯಾರಿ ಅಳುತ್ತಾ ಆಪರೇಷನ್ ಕೋಣೆಗೆ ಬರುವ ಮಗುವನ್ನು ಕಂಡರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಅನ್ನ, ರಾಗಿ ಸರಿ, ಹಸುವಿನ ಹಾಲನ್ನು ಅರಿವಳಿಕೆಗೆ ಆರು ಗಂಟೆ ಮೊದಲೇ ನಿಲ್ಲಿಸಬೇಕು. ಎದೆಹಾಲನ್ನು ನಾಲ್ಕು ಗಂಟೆ ಮೊದಲು. ಬರಿ ನೀರನ್ನು ಎರಡು ಗಂಟೆ ಮೊದಲಿನವರೆಗೂ ಕೊಡಬಹುದು. ಅಂದರೆ ಬೆಳಿಗ್ಗೆ ಎಂಟರೊಳಗೆ ಅವನನ್ನು ಎಬ್ಬಿಸಿ ಅರ್ಧ ಲೋಟ ನೀರು ಕುಡಿಸಿ. ಆದರೆ ಆಸ್ಪತ್ರೆಯ ಅರಿವಳಿಕೆ ವೈದ್ಯರನ್ನು ಕೇಳಿಯೇ ಸಮಯ ಗೊತ್ತುಮಾಡಿಕೊಳ್ಳಿ, ಸರದಿ ಹಿಂದುಮುಂದಾಗುವುದುಂಟು.

ಇನ್ನು ಬಾಟಲಿ. ಗಂಟೆಗೆ ಇಷ್ಟು ಎಂಬ ಲೆಕ್ಕ ತೂಕದ ಮೇಲೆ ಹೋಗುತ್ತದೆ: ಮೊದಲ 10 ಕೆ.ಜಿ.ಗೆ ತಲಾ 4 ಮಿ.ಲೀ., ಮುಂದಿನ 10ಕ್ಕೆ ತಲಾ 2, ಅದರಾಚೆ ತಲಾ 1. 1957ರಲ್ಲಿ ಹಾಲಿಡೇ ಮತ್ತು ಸೆಗರ್ ಎಂಬ ಮಕ್ಕಳ ವೈದ್ಯರು ಹಾಕಿಕೊಟ್ಟ ಲೆಕ್ಕ ಇದರ ಮೂಲ. ನಿಮ್ಮ ಮಗನಿಗೆ ಗಂಟೆಗೆ 44 ಮಿ.ಲೀ.; ಉಪವಾಸದ ಕೊರತೆಗೆ ಇನ್ನಷ್ಟು ಸೇರಿಸುತ್ತೇವೆ. 500 ಮಿ.ಲೀ.ಯ ಎರಡು ಬಾಟಲಿ ಎಲ್ಲಿ, ಇದೆಲ್ಲಿ! ಮಕ್ಕಳ ಡ್ರಿಪ್ ಸೆಟ್ಟಿನಲ್ಲಿ ಬಾಟಲಿಯ ಕೆಳಗೆ ಅಳತೆಯ ಗೆರೆಗಳಿರುವ ಕೊಳವೆ ಇರುತ್ತದೆ. ಅದಕ್ಕೆ ಇಳಿಸಿಕೊಂಡಷ್ಟೇ ಮಗುವಿಗೆ ಹೋಗುತ್ತದೆ. 60 ಹನಿಗೆ 1 ಮಿ.ಲೀ. ಆದ್ದರಿಂದ ಗಂಟೆಗೆ 44 ಮಿ.ಲೀ. ಎಂದರೆ ನಿಮಿಷಕ್ಕೆ 44 ಹನಿ.

ಶಕ್ತಿಯ ಮಾತಿಗೆ ಬಂದರೆ, ಶೇ. 5ರ ಗ್ಲೂಕೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಅದು ಖರ್ಚಾದ ಮೇಲೆ ಮೈಯಲ್ಲಿ ಉಳಿಯುವುದು ಬರಿ ನೀರು. ನೋವು, ವಾಕರಿಕೆ ಇದ್ದಾಗ ನೀರನ್ನು ಹಿಡಿದಿಡುವ ಹಾರ್ಮೋನ್ ಏರುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಆಗ ರಕ್ತದ ಸೋಡಿಯಂ (ಉಪ್ಪಿನಂಶ) ಇಳಿದು ಮಿದುಳು ಊದಿಕೊಳ್ಳಬಹುದು. ಅದಕ್ಕೇ ನಾನು ಹಾಕುವುದು ರಿಂಗರ್ ಲ್ಯಾಕ್ಟೇಟ್, ಸೋಡಿಯಂ ಹೆಚ್ಚುಕಡಿಮೆ ರಕ್ತದಲ್ಲಿರುವಷ್ಟೇ ಇರುವ ಡ್ರಿಪ್ ದ್ರವ.

ಮರುಪ್ರಶ್ನೆ (ಮುಳಬಾಗಿಲಿನ ನರ್ಸ್): ಮೇಡಂ, ಮಕ್ಕಳೆಂದರೆ ಐಸೋಲೈಟ್-ಪಿ (ಮಕ್ಕಳಿಗೆಂದೇ ಬರುವ ಗ್ಲೂಕೋಸ್ ಬೆರೆತ ಡ್ರಿಪ್ ದ್ರವ) ಎಂದೇ ನಾವು ಕಲಿತದ್ದು. ಅದೂ ಬೇಡವೇ? ಸಕ್ಕರೆ ಇಳಿದರೆ?

ಉತ್ತರ: ಆಪರೇಷನ್ ವೇಳೆ ಬೇಡಮ್ಮ. ಅದರಲ್ಲಿ ಲೀಟರಿಗೆ ಸೋಡಿಯಂ ಸುಮಾರು 25 ಮಿಲಿಮೋಲ್ ಮಾತ್ರ; ರಿಂಗರ್ ಲ್ಯಾಕ್ಟೇಟ್‌ನಲ್ಲಿ 130, ನಾರ್ಮಲ್ ಸಲೈನ್ ಎಂಬ ಉಪ್ಪುನೀರಿನ ಡ್ರಿಪ್‌ನಲ್ಲಿ 154. ಆರೋಗ್ಯವಾಗಿರುವ ಮಗುವಿಗೆ ಅರ್ಧ ಮುಕ್ಕಾಲು ಗಂಟೆಯ ಆಪರೇಷನ್‌ನಲ್ಲಿ ಸಕ್ಕರೆ ಇಳಿಯುವುದು ಅಪರೂಪ. ನವಜಾತ ಶಿಶು, ತೀರಾ ಸೊರಗಿದ ಮಗು, ಬಹಳ ಹೊತ್ತು ಉಪವಾಸವಿದ್ದ ಮಗುವಾದರೆ ಗ್ಲೂಕೋಮೀಟರಿನಲ್ಲಿ ನೋಡಿ, ಬೇಕಾದರೆ ಸೋಡಿಯಂ ಸರಿಯಿರುವ ದ್ರವಕ್ಕೇ ಶೇ. 1ರಿಂದ 2.5ರಷ್ಟು ಗ್ಲೂಕೋಸ್ ಸೇರಿಸುತ್ತೇವೆ.

ತಾಯಿ: ವಾರ್ಡಿಗೆ ಬಂದ ಮೇಲೆ ನೀರು ಯಾವಾಗ ಕೊಡಲಿ?

ಉತ್ತರ: ಪೂರ್ತಿ ಎಚ್ಚರವಾಗಿ ಅವನೇ ಕೇಳಿದಾಗ, ನರ್ಸ್ ಹೂಂ ಎಂದ ಮೇಲೆ, ಒಂದೊಂದೇ ಗುಟುಕು. ಬಲವಂತ ಬೇಡ. ಚೆನ್ನಾಗಿ ಕುಡಿಯತೊಡಗಿದರೆ ಡ್ರಿಪ್ ತೆಗೆಯುತ್ತಾರೆ, ಬಾಟಲಿ ಮುಗಿಸಿ ಎಂದು ಹಟ ಹಿಡಿಯಬೇಡಿ. ಮತ್ತೆ ಮತ್ತೆ ವಾಂತಿ, ತಲೆನೋವು, ಎಬ್ಬಿಸಿದರೂ ಕಣ್ಣು ಬಿಡದ ಮಂಪರು ಕಂಡರೆ ಮಾತ್ರ ಒಂದು ಕ್ಷಣವೂ ಕಾಯದೆ ನರ್ಸನ್ನು ಕರೆಯಿರಿ.